ಕಸ್ತೂರಿಯ ಯಕೃತ್ತಿನಲ್ಲಿ ತಾಮ್ರ

ಹಲ್ಲು ಶುಚಿಗೊಳಿಸಲು ಅರಿವಳಿಕೆ ಕೊಡಬೇಕಾಗಿತ್ತು, ಅದಕ್ಕೆಂದು ಮೊದಲು ರಕ್ತ ಪರೀಕ್ಷೆ ಮಾಡಿಸಿದೆವು. ಆ ಪರೀಕ್ಷೆ ಆಗದೇ ಹೋಗಿದ್ದರೆ ಕಸ್ತೂರಿಯ ಕಾಯಿಲೆ ನಮಗೆ ಗೊತ್ತಾಗುತ್ತಿದ್ದುದು ಬಹುಶಃ ಅವಳ ಕಣ್ಣು ಹಳದಿಯಾದ ಮೇಲೆ, ಇಲ್ಲವೇ ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ. ಅಷ್ಟು ಹೊತ್ತಿಗೆ ವೈದ್ಯರ ಕೈಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ನಾಯಿ ಸಾಕಿದವರೆಲ್ಲರಿಗೂ ಇದು ತಿಳಿದಿರಲಿ ಎಂಬ ಆಸೆಯಿಂದ ನಡೆದದ್ದನ್ನು ಬರೆಯುತ್ತಿದ್ದೇನೆ.

ಕಸ್ತೂರಿ ಲ್ಯಾಬ್ರಡಾರ್ ಜಾತಿಯ ಹೆಣ್ಣುನಾಯಿ. ಆಗ ಅವಳಿಗೆ ಏಳು ವರ್ಷ. ಪುಣೆಯ ಕೋಥ್ರೂಡಿನ ನಮ್ಮ ಮನೆಗೆ ಅಂಗೈಯಲ್ಲಿ ಹಿಡಿಯುವಷ್ಟು ಮರಿಯಾಗಿದ್ದಾಗ ಬಂದವಳು. ರಕ್ತದ ವರದಿಯಲ್ಲಿ ಎಲ್ಲವೂ ಸರಿಯಿತ್ತು, ಎ.ಎಲ್.ಟಿ. ಎಂಬ ಒಂದು ಸಾಲನ್ನು ಬಿಟ್ಟು. ಆ ಪ್ರಯೋಗಾಲಯದ ಪ್ರಕಾರ ಅದು ಹೆಚ್ಚೆಂದರೆ 100 ಇರಬೇಕು, ಇವಳದು 386. ಎ.ಎಲ್.ಟಿ. ಎಂಬುದು ಯಕೃತ್ತಿನ ಜೀವಕೋಶಗಳ ಒಳಗಿರುವ ಕಿಣ್ವ. ಕೋಶಕ್ಕೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಆದರೆ ಕಸ್ತೂರಿಯನ್ನು ನೋಡಿದರೆ ಯಾವ ಪೆಟ್ಟಿನ ಗುರುತೂ ಇರಲಿಲ್ಲ. ತಟ್ಟೆ ನೆಕ್ಕುತ್ತಿದ್ದಳು, ಸಂಜೆ ಟೇಕಡಿಯ (ಗುಡ್ಡದ) ಮೇಲೆ ನಮಗಿಂತ ಮುಂದೆ ಓಡುತ್ತಿದ್ದಳು.

ಮೊದಲು ತೋರಿಸಿದ ವೈದ್ಯರು ಲಿವರ್ ಟಾನಿಕ್ ಬರೆದುಕೊಟ್ಟರು. ಪುಣೆಯಲ್ಲಿ ಮಳೆಗಾಲ ಶುರುವಾಯಿತೆಂದರೆ ನಾಯಿಗಳಿಗೆ ಉಣ್ಣೆಜ್ವರ ಸಾಮಾನ್ಯ; ಅದಿರಬಹುದೆಂದು ಡಾಕ್ಸಿಸೈಕ್ಲಿನ್ ಕೂಡ ಕೊಟ್ಟರು. ಸಂಖ್ಯೆ ಸ್ವಲ್ಪ ಇಳಿಯಿತು, ಮತ್ತೆ ಏರಿತು. ಟಾನಿಕ್ಕಿನ ಬಾಟಲಿ ಬದಲಾಯಿತು. ಮತ್ತೆ ಪರೀಕ್ಷೆ, ಮತ್ತೆ ಏರಿಕೆ. "ಚೆನ್ನಾಗಿ ತಿನ್ನುತ್ತಾಳೆ, ಆಡುತ್ತಾಳೆ, ಕಾಗದದ ಮೇಲಿನ ಅಂಕಿಗೆ ಯಾಕೆ ಇಷ್ಟು ಹೆದರುತ್ತೀರಿ?" ಎಂದು ಅವರು ಕೇಳಿದರು. ಆ ಪ್ರಶ್ನೆ ನನಗೆ ಸಮಾಧಾನ ತರಲಿಲ್ಲ. ಏಕೆ ಏರಿದೆ ಎಂದು ಯಾರೂ ಹೇಳದೆ ಇಳಿಸಲು ಮಾತ್ರ ಔಷಧ ಕೊಡುವುದು ನನ್ನ ಬುದ್ಧಿಗೆ ಒಪ್ಪುವ ಮಾತಾಗಿರಲಿಲ್ಲ.

ಎರಡನೆಯ ವೈದ್ಯೆ ಚಿಕ್ಕ ವಯಸ್ಸಿನವರು, ಪುಣೆಯವರೇ. ವರದಿಗಳನ್ನೆಲ್ಲ ಮೇಜಿನ ಮೇಲೆ ತಾರೀಖಿನ ಪ್ರಕಾರ ಸಾಲಾಗಿ ಹರಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಕಾಕೂ (ಮರಾಠಿಯಲ್ಲಿ ಚಿಕ್ಕಮ್ಮ), ಕಾರಣ ಸಿಗದೆ ಎ.ಎಲ್.ಟಿ. ಎರಡು ತಿಂಗಳು ದಾಟಿಯೂ ಏರಿಯೇ ಇದ್ದರೆ ಅದನ್ನು ದೀರ್ಘಕಾಲದ ಯಕೃತ್ತಿನ ಉರಿಯೂತ ಎಂದುಕೊಂಡೇ ಹುಡುಕಬೇಕು. ಲ್ಯಾಬ್ರಡಾರ್ ಎಂದ ಮೇಲೆ ತಾಮ್ರದ ಅನುಮಾನ ನನಗೆ ಮೊದಲು ಬರುತ್ತದೆ."

ತಾಮ್ರ ಎಂಬ ಮಾತನ್ನು ಕೇಳಿದ್ದು ಅದೇ ಮೊದಲು. ಇಂಗ್ಲೆಂಡ್ ಮೂಲದ ಬೆಡ್ಲಿಂಗ್ಟನ್ ಟೆರಿಯರ್ ಎಂಬ ನಾಯಿಗಳಲ್ಲಿ ಯಕೃತ್ತಿನಲ್ಲಿ ತಾಮ್ರ ತುಂಬಿಕೊಳ್ಳುವುದು ಹುಟ್ಟಿನಿಂದಲೇ ಬರುವ ಕಾಯಿಲೆ, ಅವುಗಳಲ್ಲಿ ಸಿ.ಒ.ಎಂ.ಎಂ.ಡಿ.1 ಎಂಬ ಜೀನಿನ ಒಂದು ತುಂಡೇ ಇರುವುದಿಲ್ಲವೆಂದು 2002ರಲ್ಲಿ ತಿಳಿಯಿತು. ಡೋಬರ್‌ಮನ್, ಡಾಲ್ಮೇಶಿಯನ್, ವೆಸ್ಟ್ ಹೈಲ್ಯಾಂಡ್ ಟೆರಿಯರ್‌ಗಳಲ್ಲೂ ತಾಮ್ರ ಶೇಖರವಾಗುತ್ತದೆ. ಲ್ಯಾಬ್ರಡಾರ್‌ಗಳಲ್ಲಿ ಎ.ಟಿ.ಪಿ.7ಬಿ ಎಂಬ ಜೀನಿನ ಬದಲಾವಣೆ ಇದಕ್ಕೆ ನೆರವಾಗುತ್ತದೆ. ಮನುಷ್ಯರಿಗೆ ಬರುವ ವಿಲ್ಸನ್ ಕಾಯಿಲೆಯೂ ಅದೇ ಜೀನಿನ ದೋಷದಿಂದ ಬರುವಂಥದ್ದು. ಆದರೆ ಲ್ಯಾಬ್ರಡಾರ್‌ಗಳಲ್ಲಿ ಜೀನು ಕಥೆಯ ಒಂದು ಪಾಲನ್ನಷ್ಟೇ ಹೇಳುತ್ತದೆ, ಉಳಿದದ್ದು ಬಟ್ಟಲಿಗೆ ಬೀಳುವ ಆಹಾರ ಎಂದರು ವೈದ್ಯೆ. ಈ ಕಾಯಿಲೆ ಹೆಣ್ಣುನಾಯಿಗಳಲ್ಲಿ ಹೆಚ್ಚು, ಅದೂ ನಡುವಯಸ್ಸಿನಲ್ಲಿ. ಕಸ್ತೂರಿ ಆ ವಿವರಣೆಗೆ ಅಕ್ಷರಶಃ ಹೊಂದುತ್ತಿದ್ದಳು.

ಆಮೇಲೆ ಒಂದೊಂದಾಗಿ ಬೇರೆ ಕಾರಣಗಳನ್ನು ತಳ್ಳಿಹಾಕುವ ಕೆಲಸ. ಇಲಿಜ್ವರದ ಪರೀಕ್ಷೆ ಆಯಿತು. ಅವಳಿಗೆ ಹಿಂದೆ ಕೊಟ್ಟ ನೋವಿನ ಮಾತ್ರೆಗಳ ಲೆಕ್ಕ ಕೇಳಿದರು. ಉಪವಾಸದಲ್ಲಿ ಒಮ್ಮೆ, ಊಟವಾದ ಮೇಲೆ ಒಮ್ಮೆ ರಕ್ತ ತೆಗೆದು, ಯಕೃತ್ತು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಪಿತ್ತಾಮ್ಲ ನೋಡಿದರು. ಅಲ್ಟ್ರಾಸೌಂಡಿನಲ್ಲಿ ಯಕೃತ್ತು ನೋಡಲು ಸರಿಯಾಗಿಯೇ ಇತ್ತು. ನಾವು ಉಸಿರುಬಿಟ್ಟೆವು, ವೈದ್ಯೆ ಬಿಡಲಿಲ್ಲ. ಅಲ್ಟ್ರಾಸೌಂಡಿನಲ್ಲಿ ಏನೂ ಕಾಣದಿದ್ದರೂ ಒಳಗೆ ಉರಿಯೂತ ಇರಬಹುದು. ಸೂಜಿ ಚುಚ್ಚಿ ತೆಗೆದರೆ ಬಿಡಿಬಿಡಿ ಕೋಶಗಳು ಸಿಗುತ್ತವೆಯೇ ಹೊರತು ಯಕೃತ್ತಿನ ರಚನೆ ಕಾಣುವುದಿಲ್ಲ. ತಾಮ್ರ ಎಷ್ಟಿದೆ, ಎಲ್ಲಿ ಕೂತಿದೆ ಎಂದು ತಿಳಿಯಲು ಯಕೃತ್ತಿನ ತುಣುಕುಗಳೇ ಬೇಕು. ಅಂದರೆ ಬಯಾಪ್ಸಿ.

ಮನೆಯಲ್ಲಿ ಇದಕ್ಕೆ ವಿರೋಧವಿತ್ತು. ಗದಗದಿಂದ ಬಂದು ನಮ್ಮ ಜೊತೆಗಿರುವ ಅತ್ತೆಯವರು ಊಟದ ಹೊತ್ತಿನಲ್ಲಿ, "ಚೆಂದಾಗಿ ಓಡಾಡುವ ಜೀವದ ಹೊಟ್ಟೆ ಯಾಕೆ ಕೊಯ್ಯಿಸುತ್ತೀಯವ್ವಾ? ಮೂಕಪ್ರಾಣಿ, ನೋವಾದರೆ ಹೇಳಲಿಕ್ಕೂ ಬರುವುದಿಲ್ಲ" ಎಂದರು. ನಮ್ಮವರಿಗೆ ಖರ್ಚಿನ ಚಿಂತೆಗಿಂತ ಅರಿವಳಿಕೆಯ ಭಯ. ನನಗೂ ಭಯವಿತ್ತು. ಆದರೆ ತಾಮ್ರದ ಕಾಯಿಲೆಗೂ ದೇಹದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಬರುವ ಯಕೃತ್ತಿನ ಕಾಯಿಲೆಗೂ ಔಷಧ ಬೇರೆಬೇರೆ. ಒಂದಕ್ಕೆ ತಾಮ್ರ ಹೊರಹಾಕುವ ಮಾತ್ರೆ, ಇನ್ನೊಂದಕ್ಕೆ ಸ್ಟೀರಾಯ್ಡ್. ಯಾವುದೆಂದು ತಿಳಿಯದೆ ಕೊಡುವುದು ಕತ್ತಲಲ್ಲಿ ಕೈಯಾಡಿಸುವ ಕೆಲಸ. ಅವಳು ಚೆನ್ನಾಗಿರುವಾಗಲೇ ಮಾಡಿಸಬೇಕು ಎಂದು ನಾನು ಹಟ ಹಿಡಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ತಯಾರಿಸುವುದೂ ಯಕೃತ್ತೇ ಆದ್ದರಿಂದ ಕಾಯಿಲೆ ಬಲಿತ ಮೇಲೆ ಬಯಾಪ್ಸಿ ಹೆಚ್ಚು ಅಪಾಯಕಾರಿ.

ರಕ್ತ ಹೆಪ್ಪುಗಟ್ಟುವ ಸಮಯ, ಪ್ಲೇಟ್‌ಲೆಟ್ ಎಣಿಕೆ ಎರಡೂ ಸರಿಯಿವೆ ಎಂದಾದ ಮೇಲೆ ಲ್ಯಾಪರೊಸ್ಕೋಪಿ ನಡೆಯಿತು. ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಯಕೃತ್ತಿನ ಬೇರೆಬೇರೆ ಹಾಲೆಗಳಿಂದ ತುಣುಕುಗಳನ್ನು ತೆಗೆದರು. ಕೆಲವು ಫಾರ್ಮಲಿನ್ ಬಾಟಲಿಗೆ, ಒಂದು ಬ್ಯಾಕ್ಟೀರಿಯಾ ಪರೀಕ್ಷೆಗೆ, ಒಂದು ತಾಮ್ರದ ಅಳತೆಗೆಂದೇ ಬೇರೆ ಡಬ್ಬಿಗೆ. ಸಂಜೆ ಮನೆಗೆ ಕಳುಹಿಸುವಾಗ ವೈದ್ಯೆ ನನ್ನ ಕೈ ಹಿಡಿದು ಕಸ್ತೂರಿಯ ಮೇಲ್ದುಟಿಯನ್ನು ಎತ್ತಿಸಿದರು. ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗ ಕೂಡಲೇ ಮತ್ತೆ ಕೆಂಪಾಗಬೇಕು. ವಸಡು ಬಿಳಿಚಿಕೊಂಡರೆ ಒಳಗೆ ರಕ್ತಸ್ರಾವ ಆಗುತ್ತಿರಬಹುದು ಎಂದರ್ಥ. ಆ ರಾತ್ರಿ ನಾನೂ ಅತ್ತೆಯವರೂ ಸರದಿಯ ಮೇಲೆ ಎದ್ದು ತುಟಿ ಎತ್ತಿ ನೋಡಿದೆವು. ಬೆಳಗಿನ ಜಾವ ಅತ್ತೆಯವರು, "ಕೆಂಪಗೇ ಇದೆ, ನೀನು ಮಲಗು" ಎಂದರು. ಬಯಾಪ್ಸಿ ಬೇಡವೆಂದಿದ್ದ ಹಿರಿಯ ಜೀವ ಅದು.

ಅಂಗಾಂಶದ ವರದಿ ಮೊದಲು ಬಂತು. ತಾಮ್ರದ ಅಳತೆಗೆ ತುಣುಕು ಬೇರೆ ಊರಿನ ಪ್ರಯೋಗಾಲಯಕ್ಕೆ ಹೋಗಿದ್ದರಿಂದ ಅದು ತಡವಾಯಿತು. ಕೊನೆಗೆ ಬಂದ ಸಂಖ್ಯೆ: ಒಣತೂಕದ ಪ್ರತಿ ಗ್ರಾಮಿಗೆ 1,840 ಮೈಕ್ರೋಗ್ರಾಂ. ಆರೋಗ್ಯವಂತ ನಾಯಿಯಲ್ಲಿ ಇದು 400ರ ಒಳಗಿರುತ್ತದೆ. 1,000 ದಾಟಿದರೆ, ಅದರ ಜೊತೆಗೆ ಉರಿಯೂತವೂ ಇದ್ದರೆ, ತಾಮ್ರವನ್ನೇ ಕಾರಣವೆಂದು ಹಿಡಿದು ಚಿಕಿತ್ಸೆ ಕೊಡಬೇಕು.

ವೈದ್ಯೆ ನನ್ನನ್ನು ಕರೆದು ಸ್ಲೈಡಿನ ಚಿತ್ರ ತೋರಿಸಿದರು. ರೋಡನಿನ್ ಎಂಬ ಬಣ್ಣ ಹಾಕಿದಾಗ ತಾಮ್ರವಿರುವ ಕಡೆಯೆಲ್ಲ ಕೆಂಪು ಇಟ್ಟಿಗೆಯ ಬಣ್ಣ ಮೂಡುತ್ತದೆ. ತಿಳಿನೀಲಿ ಹಿನ್ನೆಲೆಯಲ್ಲಿ ಯಕೃತ್ತಿನ ಕೋಶಗಳು ಸಾಲಾಗಿ ನಿಂತಿದ್ದವು. ಯಕೃತ್ತಿನ ಪ್ರತಿ ಪುಟ್ಟ ಘಟಕದ ನಡುವಿನ ಅಭಿಧಮನಿಯ (ರಕ್ತನಾಳದ) ಸುತ್ತಲಿನ ಕೋಶಗಳ ಒಳಗೆ ಮಾತ್ರ ಕೆಂಪು ಕಾಳುಗಳು ಗುಂಪುಗುಂಪಾಗಿ ಕೂತಿದ್ದವು. ಅಲ್ಲಿಂದ ಹೊರಕ್ಕೆ ಹೋದಂತೆ ವಿರಳವಾಗುತ್ತಿದ್ದವು. ಆ ಜಾಗವೇ ಮುಖ್ಯ ಎಂದರು. ಪಿತ್ತದ ಹರಿವು ಕಟ್ಟಿಕೊಂಡು ತಾಮ್ರ ಸೇರಿದ್ದರೆ ಅದು ಅಂಚಿನ ಕೋಶಗಳಲ್ಲಿ ಕಾಣುತ್ತದೆ. ನಡುವಿನಲ್ಲಿ ಕಂಡರೆ ತಾಮ್ರವೇ ಮೂಲ, ಉರಿಯೂತ ಅದರ ಫಲ.

ತಾಮ್ರ ಏನು ಕೇಡು ಮಾಡುತ್ತದೆ ಎಂದು ಕೇಳಿದೆ. ಅವರು ಹೇಳಿದ್ದನ್ನು ನನಗೆ ಅರ್ಥವಾದಂತೆ ಬರೆಯುತ್ತೇನೆ. ತಾಮ್ರ ದೇಹಕ್ಕೆ ಬೇಕೇ ಬೇಕು. ಆರೋಗ್ಯವಂತ ಕೋಶವು ಅದನ್ನು ಎಂದೂ ಒಂಟಿಯಾಗಿ ಬಿಡುವುದಿಲ್ಲ. ಒಂದಲ್ಲ ಒಂದು ಪ್ರೋಟೀನು ಅದನ್ನು ಹಿಡಿದುಕೊಂಡೇ ಇರುತ್ತದೆ, ಹೆಚ್ಚಾದದ್ದನ್ನು ಪಿತ್ತಕ್ಕೆ ದಾಟಿಸಿ ಮಲದಲ್ಲಿ ಹೊರಹಾಕುತ್ತದೆ. ಆ ದಾಟಿಸುವ ಕೆಲಸ ಎ.ಟಿ.ಪಿ.7ಬಿಯದು. ಅದು ಹಿಂದೆ ಬಿದ್ದಾಗ ತಾಮ್ರ ಉಳಿಯುತ್ತಾ ಹೋಗುತ್ತದೆ, ಹಿಡಿದಿಡುವ ಪ್ರೋಟೀನುಗಳು ಸಾಲದೆ ಬರುತ್ತವೆ. ಬಿಡಿಯಾದ ತಾಮ್ರ ಒಂದು ಎಲೆಕ್ಟ್ರಾನ್ ಕೊಡುತ್ತದೆ, ತೆಗೆದುಕೊಳ್ಳುತ್ತದೆ, ಮತ್ತೆ ಕೊಡುತ್ತದೆ. ಪ್ರತಿ ಸುತ್ತಿನಲ್ಲೂ ಕೋಶದಲ್ಲಿ ಸಹಜವಾಗಿಯೇ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ಹೈಡ್ರಾಕ್ಸಿಲ್ ಎಂಬ ಉಗ್ರ ಕಣವನ್ನು ಹುಟ್ಟಿಸುತ್ತದೆ. ತಾಮ್ರ ಇದರಲ್ಲಿ ಖರ್ಚಾಗುವುದಿಲ್ಲ, ಅದಕ್ಕೇ ಈ ಸುತ್ತು ನಿಲ್ಲುವುದೂ ಇಲ್ಲ. ಆ ಕಣ ಪಕ್ಕದಲ್ಲಿ ಸಿಕ್ಕಿದ್ದನ್ನು ಕಚ್ಚುತ್ತದೆ: ಪೊರೆಗಳ ಕೊಬ್ಬನ್ನು, ಡಿ.ಎನ್.ಎ.ಯನ್ನು, ಎಲ್ಲಕ್ಕಿಂತ ಹೆಚ್ಚಾಗಿ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯವನ್ನು. ಕೊಬ್ಬಿಗೆ ಹತ್ತಿದ ಹಾನಿ ಅಣುವಿನಿಂದ ಅಣುವಿಗೆ ಹಬ್ಬುತ್ತದೆ. ಇದನ್ನು ತಡೆಯುವ ಗ್ಲುಟಾಥಯೋನ್ ಎಂಬ ದಾಸ್ತಾನು ಕೋಶದಲ್ಲಿದೆ. ತಾಮ್ರ ಹೆಚ್ಚಿದಂತೆ ಆ ದಾಸ್ತಾನು ಬರಿದಾಗುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಕೋಶ ಸಾಯುತ್ತದೆ, ಸತ್ತ ಕೋಶದ ತಾಮ್ರ ಪಕ್ಕದವರ ಪಾಲಾಗುತ್ತದೆ, ಉರಿಯೂತ ಕೂಡಿಕೊಳ್ಳುತ್ತದೆ, ಕಲೆಗಟ್ಟಿದ ಅಂಗಾಂಶ ಆ ಜಾಗ ತುಂಬುತ್ತದೆ. ವರ್ಷಗಟ್ಟಲೆ ಹೊರಗೆ ಒಂದು ಸುಳಿವೂ ಕೊಡದೆ ಇಷ್ಟೆಲ್ಲ ನಡೆಯುತ್ತದೆ. ಕಸ್ತೂರಿಯ ಸ್ಲೈಡಿನಲ್ಲಿ ಕಲೆ ಇನ್ನೂ ತೆಳುವಾಗಿತ್ತು. ಅದೊಂದು ಸಾಲನ್ನು ನಾನು ವರದಿಯಲ್ಲಿ ಎಷ್ಟೋ ಸಲ ಓದಿದೆ.

ಮನೆಗೆ ಬಂದು ಅತ್ತೆಯವರಿಗೆ ವಿವರಿಸಿದಾಗ ಅವರು ಸುಮ್ಮನಾದರು. ಆಮೇಲೆ ಯಾವತ್ತೂ ಹೇಳದ ಒಂದು ಮಾತು ಹೇಳಿದರು. ಅವರ ಬೆನ್ನಿಗೆ ಹುಟ್ಟಿದ ತಮ್ಮ ಎರಡು ವರ್ಷ ತುಂಬುವ ಮೊದಲೇ ಹೋದನಂತೆ, ಹೊಟ್ಟೆ ಗಟ್ಟಿಯಾಗಿ ಉಬ್ಬಿ, ಕಣ್ಣು ಹಳದಿಯಾಗಿ. ಮನೆಯಲ್ಲಿ ಹಾಲು ಕಾಯಿಸುತ್ತಿದ್ದುದು ಹಿತ್ತಾಳೆಯ ಪಾತ್ರೆಯಲ್ಲಿ. ಆ ಮಗುವಿಗೆ ಏನಾಗಿತ್ತೋ ಈಗ ಯಾರೂ ಹೇಳಲಾರರು. ಆದರೆ ಅಂಥ ಮಕ್ಕಳ ಕಾಯಿಲೆಯ ಗುಟ್ಟು ಬಿಡಿಸಿದವರಲ್ಲಿ ಪುಣೆಯ ವೈದ್ಯರೂ ಇದ್ದರು ಎಂಬುದು ನನಗೆ ಈ ಓಡಾಟದಲ್ಲೇ ತಿಳಿಯಿತು. ಭಾರತದ ಮಕ್ಕಳ ಸಿರೋಸಿಸ್ (ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವುದು) ಎಂದೇ ಹೆಸರಾಗಿದ್ದ ಆ ಕಾಯಿಲೆಯಲ್ಲಿ ಯಕೃತ್ತಿನ ತಾಮ್ರ ವಿಪರೀತ ಏರಿರುತ್ತಿತ್ತು. ಕೆ.ಇ.ಎಂ. ಆಸ್ಪತ್ರೆಯ ಮಕ್ಕಳ ವೈದ್ಯರು ಬ್ರಿಟನ್ನಿನ ಸಂಶೋಧಕರೊಡನೆ ಸೇರಿ, ಎಳೆಮಕ್ಕಳಿಗೆ ಬೇಗನೆ ಶುರುಮಾಡುವ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ದನದ ಹಾಲು ಇದಕ್ಕೆ ಕಾರಣವಿರಬಹುದೆಂದು 1983ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ಕಲಾಯಿ ಹೋದ ಪಾತ್ರೆಯಿಂದ ಹಾಲು ತಾಮ್ರವನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಗಳಿಗೆ ಸ್ಟೀಲ್ ಬಂದಂತೆ ಆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಆ ಮಕ್ಕಳಿಗೆ ಕೊಟ್ಟು ನೋಡಿದ ಔಷಧ ಪೆನಿಸಿಲಮಿನ್. ಬೇಗ ಶುರುಮಾಡಿದರೆ ಉಪಯೋಗ, ತಡವಾದರೆ ಇಲ್ಲ. ಕಸ್ತೂರಿಗೆ ಬರೆದುಕೊಟ್ಟದ್ದೂ ಅದನ್ನೇ.

ಪೆನಿಸಿಲಮಿನ್ ತಾಮ್ರವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುತ್ತದೆ. 1956ರಲ್ಲಿ ಜಾನ್ ವಾಲ್ಶ್ ಎಂಬ ಇಂಗ್ಲಿಷ್ ವೈದ್ಯರು ವಿಲ್ಸನ್ ಕಾಯಿಲೆಗೆಂದು ಬಳಕೆಗೆ ತಂದ ಔಷಧ. ನಾಯಿಗೆಂದು ಬೇರೆ ಸಿಗುವುದಿಲ್ಲ, ಮನುಷ್ಯರ 250 ಮಿಲಿಗ್ರಾಂ ಕ್ಯಾಪ್ಸೂಲೇ. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ದಿನಕ್ಕೆ ಎರಡು ಸಲ. ಅಳತೆಯನ್ನು ವೈದ್ಯರೇ ಹೇಳಬೇಕು. ಕಷ್ಟವಿರುವುದು ಕೊಡುವ ರೀತಿಯಲ್ಲಿ. ಆಹಾರದ ಜೊತೆ ಕೊಟ್ಟರೆ ಔಷಧ ರಕ್ತಕ್ಕೆ ಸೇರುವುದು ತೀರಾ ಕಡಿಮೆಯಾಗುತ್ತದೆ, ಬರಿಹೊಟ್ಟೆಗೆ ಕೊಟ್ಟರೆ ವಾಂತಿ. ಡಬ್ಬಿಯ ಮುಚ್ಚಳ ತೆಗೆದರೆ ಗಂಧಕದ ವಾಸನೆ. ಕಸ್ತೂರಿ ಆ ವಾಸನೆ ಹಿಡಿದು ಊಟದ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದಳು. ಮೊದಲ ವಾರ ಹಳದಿ ನೊರೆಯನ್ನು ಕಾರಿಕೊಂಡಳು. ವೈದ್ಯೆ ಅಳತೆ ಇಳಿಸಿ ಮತ್ತೆ ನಿಧಾನವಾಗಿ ಏರಿಸಿದರು. ನೆಲ್ಲಿಕಾಯಿಯಷ್ಟು ಬೇಯಿಸಿದ ಕೋಳಿಯ ಎದೆಮಾಂಸದೊಳಗೆ ಹುದುಗಿಸಿ ಕೊಡಲು ಒಪ್ಪಿದರು. ಅಲ್ಲಿಂದ ಒಂದು ಗಂಟೆ ಬಿಟ್ಟು ಊಟ. ಬೆಳಗಿನ ಕ್ಯಾಪ್ಸೂಲ್ ಅತ್ತೆಯವರ ಪಾಲಿಗೆ ಬಂತು, ಅವರ ಕೈಯಿಂದಲಾದರೆ ನುಂಗುತ್ತಿದ್ದಳು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ ಎಂದು ಆಗಾಗ ಪರೀಕ್ಷೆ ನಡೆಯುತ್ತಿತ್ತು, ಬಿ6 ವಿಟಮಿನ್ ಸೇರಿಸಿದ್ದರು. ಕೋಶಗಳ ರಕ್ಷಣೆಗೆ ವಿಟಮಿನ್ ಇ, ಗ್ಲುಟಾಥಯೋನ್ ತುಂಬಿಕೊಡುವ ಸ್ಯಾಮ್ ಮಾತ್ರೆ. ವಿಟಮಿನ್ ಸಿ ಮಾತ್ರ ಬೇಡವೆಂದರು; ಲೋಹ ತುಂಬಿದ ಯಕೃತ್ತಿನಲ್ಲಿ ಅದು ಉತ್ಕರ್ಷಣವನ್ನು ಹೆಚ್ಚಿಸಬಲ್ಲದು. "ಕಾಕೂ, ಇವೆಲ್ಲ ಬೆಂಕಿಗೆ ನೀರು ಚಿಮುಕಿಸಿದಂತೆ, ಕಟ್ಟಿಗೆ ಹೊರತೆಗೆಯುವುದು ಪೆನಿಸಿಲಮಿನ್" ಎಂಬ ಅವರ ಮಾತು ನನ್ನ ತಲೆಯಲ್ಲಿ ಕೂತಿದೆ. ಬರೀ ಟಾನಿಕ್ಕಿನಿಂದ ಏಕೆ ಆಗಲಿಲ್ಲ ಎಂಬುದಕ್ಕೆ ಉತ್ತರ ಅಲ್ಲಿದೆ.

ಆಹಾರದ ವಿಚಾರ ನನಗೆ ಹೆಚ್ಚು ಹಿಡಿಸಿತು. ಅಂಗಡಿಯ ನಾಯಿ ಆಹಾರದ ಚೀಲ ತಿರುಗಿಸಿ ಓದಿದರೆ ತಾಮ್ರದ ಸಲ್ಫೇಟ್ ಎಂದೋ ತಾಮ್ರದ ಪ್ರೋಟಿನೇಟ್ ಎಂದೋ ಇರುತ್ತದೆ. ಅಮೆರಿಕದಲ್ಲಿ 1990ರ ದಶಕದ ಕೊನೆಯವರೆಗೆ ಹೆಚ್ಚಾಗಿ ತಾಮ್ರದ ಆಕ್ಸೈಡ್ ಬಳಸುತ್ತಿದ್ದರು. ಅದು ಕರುಳಿನಲ್ಲಿ ಹೀರಿಕೆಯಾಗುವುದಿಲ್ಲವೆಂದು ಸುಲಭವಾಗಿ ಹೀರಿಕೆಯಾಗುವ ರೂಪಗಳಿಗೆ ಬದಲಾಯಿಸಿದರು. ನಾಯಿಗಳ ಯಕೃತ್ತಿನಲ್ಲಿ ತಾಮ್ರ ಏರುತ್ತಾ ಬಂದಿರುವುದಕ್ಕೂ ಈ ಬದಲಾವಣೆಗೂ ಸಂಬಂಧವಿದೆಯೆಂದು ಹಲವು ಪಶುವೈದ್ಯ ತಜ್ಞರು ವಾದಿಸುತ್ತಾರೆ. ಅಲ್ಲಿನ ಮಾನದಂಡದಲ್ಲಿ ತಾಮ್ರಕ್ಕೆ ಕನಿಷ್ಠ ಮಿತಿ ಇದೆ, ಗರಿಷ್ಠ ಮಿತಿ ಇಲ್ಲ. ಯುರೋಪಿನಲ್ಲಿ ಗರಿಷ್ಠ ಮಿತಿಯೂ ಇದೆ. ಹೊಟ್ಟೆ ತುಂಬ ತಿನ್ನಿಸುವ ಆಹಾರಕ್ಕೆ ಮೇಲ್ಮಿತಿ ಇರಲೇಬೇಕೆಂಬುದು ನನ್ನ ಅಭಿಪ್ರಾಯ.

ಕಸ್ತೂರಿಗೆ ಈಗ ಮನೆಯ ಅಡುಗೆ: ಬಿಳಿ ಅನ್ನ, ಮೊಟ್ಟೆ, ಪನೀರು, ಕೋಳಿಯ ಎದೆಮಾಂಸ, ಜೊತೆಗೆ ತಾಮ್ರವಿಲ್ಲದ ಖನಿಜದ ಪುಡಿ. ಪ್ರಮಾಣವನ್ನೆಲ್ಲ ಪಶು ಪೋಷಣೆಯ ತಜ್ಞರಿಂದ ಬರೆಸಿಕೊಂಡೆವು, ಏಕೆಂದರೆ ಅನ್ನ ಕೋಳಿ ಎರಡನ್ನೇ ತಿಂಗಳುಗಟ್ಟಲೆ ಹಾಕಿದರೆ ಬೇರೆ ಕೊರತೆಗಳು ಬರುತ್ತವೆ. ಮೇಕೆಯ ಕಲೀಜ ಸಂಪೂರ್ಣ ನಿಷಿದ್ಧ. ತಾಮ್ರ ಅತಿ ಹೆಚ್ಚಿರುವ ಆಹಾರ ಯಕೃತ್ತೇ. ಸಿಗಡಿ, ಏಡಿ, ಬೇಳೆ, ಶೇಂಗಾ, ಎಳ್ಳು ಕೂಡ ಬೇಡ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯ ಚೂರು ಅವಳಿಗೂ ಎತ್ತಿಡುವುದು ಮನೆಯ ಪದ್ಧತಿ. ಆ ವರ್ಷ ಅತ್ತೆಯವರು ಅವಳಿಗೆಂದು ಎಳ್ಳಿಲ್ಲದ ಅಕ್ಕಿ ರೊಟ್ಟಿ ತಟ್ಟಿದರು. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿಯಲ್ಲಿ (ತಾಮ್ರದ ಕೆಲಸಗಾರರ ಬೀದಿಯಲ್ಲಿ) ಕೊಂಡ, ಸುತ್ತಿಗೆಯ ಗುರುತು ಸಾಲಾಗಿ ಮೂಡಿದ ತಾಮ್ರದ ಕೊಡದಿಂದಲೇ ಮನೆಯವರೆಲ್ಲರ ಜೊತೆ ಅವಳಿಗೂ ನೀರು ಹಾಕುತ್ತಿದ್ದೆವು. ನಾವು ಈಗಲೂ ಅದರಿಂದಲೇ ಕುಡಿಯುತ್ತೇವೆ, ಅವಳಿಗೆ ಸ್ಟೀಲ್ ಬಟ್ಟಲು, ಫಿಲ್ಟರಿನ ನೀರು.

ತಿಂಗಳುಗಳು ಕಳೆದಂತೆ ಎ.ಎಲ್.ಟಿ. ಇಳಿಯಿತು: 386 ಇದ್ದದ್ದು 240, ಆಮೇಲೆ 131, ಕೊನೆಗೆ 78. ಸಹಜಕ್ಕೆ ಬಂದ ಮೇಲೂ ಒಂದು ತಿಂಗಳು ಕ್ಯಾಪ್ಸೂಲ್ ಮುಂದುವರಿಸಿ ನಿಲ್ಲಿಸಿದೆವು. ಮತ್ತೊಮ್ಮೆ ಬಯಾಪ್ಸಿ ಮಾಡಿಸಿ ತಾಮ್ರ ಎಷ್ಟು ಇಳಿದಿದೆ ಎಂದು ನೋಡುವುದು ಹೆಚ್ಚು ಖಚಿತವಾದ ದಾರಿ. ವೈದ್ಯೆ ಎರಡನ್ನೂ ನಮ್ಮ ಮುಂದಿಟ್ಟರು, ನಾವು ರಕ್ತ ಪರೀಕ್ಷೆಯ ದಾರಿ ಆರಿಸಿದೆವು. ಅಗತ್ಯಕ್ಕಿಂತ ಹೆಚ್ಚು ಕಾಲ ಕೊಟ್ಟರೆ ತಾಮ್ರದ ಕೊರತೆಯಾಗಿ ರಕ್ತಹೀನತೆ ಬರಬಹುದು, ಆದ್ದರಿಂದ ನಿಲ್ಲಿಸುವುದೂ ಚಿಕಿತ್ಸೆಯ ಭಾಗವೇ. ಕೆಲವರು ಆಮೇಲೆ ಸತು ಕೊಡುತ್ತಾರೆ, ಅದು ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ. ಆಹಾರ ಬಿಗಿಯಾಗಿದ್ದರೆ ಅದು ಬೇಡ ಎಂಬುದು ನಮ್ಮ ವೈದ್ಯೆಯ ನಿಲುವು. ಕಸ್ತೂರಿಯ ಜೀನು ಬದಲಾಗಿಲ್ಲ, ಹಾಗಾಗಿ ಆಹಾರದ ಬಿಗಿ ಬದುಕಿಡೀ, ಕೆಲವು ತಿಂಗಳಿಗೊಮ್ಮೆ ಎ.ಎಲ್.ಟಿ.

ವಂಶದಲ್ಲಿ ಹರಿದುಬರುವ ಕಾಯಿಲೆಯಾದ್ದರಿಂದ ಅವಳ ಜೊತೆ ಹುಟ್ಟಿದ ಮರಿಗಳ ಮಾತು ನನ್ನನ್ನು ಬಿಡಲಿಲ್ಲ. ಮರಿ ಕೊಟ್ಟವರು ಮೊದಲು ಮಾತೇ ಆಡಲಿಲ್ಲ. ಕಸ್ತೂರಿಯ ವರದಿ ಕೈಗಿಟ್ಟ ಮೇಲೆ ಮೂರು ಮನೆಗಳ ಫೋನ್ ನಂಬರ್ ಕೊಟ್ಟರು. ಅದರಲ್ಲಿ ಒಂದು ಹುಬ್ಬಳ್ಳಿಯದು. ಅಲ್ಲಿರುವ ಅಣ್ಣನಾಯಿಯೂ ತಿಂದು ಆಡಿಕೊಂಡು ಚೆನ್ನಾಗಿದ್ದಾನೆ. ನನ್ನ ಒತ್ತಾಯಕ್ಕೆ ಪರೀಕ್ಷೆ ಮಾಡಿಸಿದರು, ಎ.ಎಲ್.ಟಿ. 290. ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಿದರು, 310. ಮುಂದಿನ ವಾರ ಅವನನ್ನು ಕಾರಿನಲ್ಲಿ ಪುಣೆಗೆ ಕರೆತರುತ್ತಿದ್ದಾರೆ, ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ. ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಹೊರಡುವ ಮೊದಲೇ ಮಾಡಿಸಿಕೊಳ್ಳಿ ಎಂದಿದ್ದೇನೆ. ತಾಮ್ರದ ಅಳತೆಗೆ ಒಂದು ತುಣುಕು ಬೇರೆ ಬೇಕೆಂದು ನಮ್ಮ ವೈದ್ಯೆಗೂ ಮೊದಲೇ ಹೇಳಿಟ್ಟಿದ್ದೇನೆ.